ನೂಲು ಮೇಸ್ತ್ರಿ ಹುಡುಕಿದ ಗಾಜು

ಆಯಿತು ಕಣೇ, ಗುಂಡು ನನ್ನ ಕಿವಿ ಸವರಿಕೊಂಡು ಹೋಗಲಿಲ್ಲ. ಒಪ್ಪಿಕೊಂಡೆ. ಸಮಾಧಾನವಾಯಿತಾ? ನಾಲ್ಕು ವರ್ಷದವಳಿದ್ದಾಗಿನಿಂದ ನನ್ನ ತೊಡೆಯ ಮೇಲೆ ಕೂತು ಬಾಯಿಬಿಟ್ಟುಕೊಂಡು ಕೇಳಿದ ಕತೆಗೆ ಈಗ ಬಂದು ಲಾಯರಿನ ಹಾಗೆ ಪಾಟೀಸವಾಲು ಹಾಕುತ್ತೀಯಲ್ಲ. "ತಾತ, ನೀವು ಬೀದೀಲಿ ನಿಂತಿದ್ರಿ ಅಂತೀರಿ. ಬಣ್ಣ ಇರೋದು ಅಂಗಡಿ ಒಳಮೈ ಅಂತಾನೂ ನೀವೇ ಹೇಳಿದ್ರಿ. ಈ ಗಾಜು ನೋಡಿದ್ರೆ ಗುಂಡು ಬೀದಿಯಿಂದ ಅಂಗಡಿ ಒಳಗೆ ಹೋಗಿದೆ. ಒಳಗೆ ಹೋದ ಗುಂಡು ಹೊರಗಿರೋ ನಿಮ್ಮ ಕಿವಿಗೆ ಹೇಗೆ ತಾಗ್ತು? ಗುಂಡೇನು ಚಪ್ಪಲಿ ಮರ್ತು ವಾಪಸ್ ಬಂತಾ?"

ನಾನೇ ಕಲಿಸಿದ ವಿದ್ಯೆ ನನ್ನ ಕುತ್ತಿಗೆಗೇ ಬಂತು ನೋಡು. ಗುಂಡು ಬಿದ್ದ ಗಾಜಿನ ಎರಡೂ ಕಡೆ ಬೆರಳಾಡಿಸಿ ನೋಡಬೇಕು, ಬಂದ ಕಡೆ ಸೂಜಿಯ ತೂತು, ಹೋದ ಕಡೆ ಬಟ್ಟಲಿನ ತೂತು ಎಂದು ನಿನಗೆ ಹೇಳಿಕೊಟ್ಟವನು ಯಾರು? ನಾನು. ನಿಮ್ಮಪ್ಪನಿಗೂ ಹೇಳಿಕೊಟ್ಟಿದ್ದೆ. ಅವನಿಗೆ ಹೊಳೆಯಲಿಲ್ಲ. ಪುಣ್ಯಾತ್ಮ.

ಕಿವಿಯ ಮೇಲಿನ ಗಾಯದ ಗುರುತು ಏನು ಎಂದು ಕೇಳುತ್ತೀಯ. ಅದು ಸೈಕಲ್ಲಿನಿಂದ ಬಿದ್ದದ್ದು. ಸೈಕಲ್ ನಿಂತಿತ್ತು, ನಾನೂ ನಿಂತಿದ್ದೆ, ಆದರೂ ಬಿದ್ದೆ. ಅದು ಬೇರೆ ಕತೆ.

ಆದರೆ ಟ್ರಂಕಿನಿಂದ ನೀನು ತೆಗೆದಿಟ್ಟಿರುವ ಈ ಅಂಗೈಯಗಲದ ಗಾಜು ಸುಳ್ಳಲ್ಲ. ನಡುವಿನ ತೂತೂ ಸುಳ್ಳಲ್ಲ. ಇದು ನನ್ನದಲ್ಲ ಎಂಬುದನ್ನು ಮಾತ್ರ ನಾನು ಇಷ್ಟು ವರ್ಷ ಹೇಳಿರಲಿಲ್ಲ. ಇದನ್ನು ಒಬ್ಬ ಮನುಷ್ಯ ಕೈಯಿಂದ ರಕ್ತ ಸುರಿಸಿಕೊಂಡು ಹುಡುಕಿದ. ಅವನ ಪಕ್ಕದಲ್ಲೇ ಕೂತು ನಾನೂ ಹುಡುಕಿದೆ. ಹುಡುಕುವಾಗ ಇದು ನನ್ನ ಟ್ರಂಕಿನಲ್ಲಿತ್ತು.

ಕೂತುಕೋ. ನಿಂತು ಕೇಳುವ ಕತೆಯಲ್ಲ.

ಗಡಿಯಾಚೆ, ಬಸ್ಸಿನಲ್ಲಿ ಎರಡು ದಿನದ ದಾರಿಯ ಆ ಊರಿಗೆ ನಾನು ಹೋದಾಗ ನನಗೆ ಇಪ್ಪತ್ತಾರು. ಮದುವೆಯಾಗಿತ್ತು, ನಿಮ್ಮಪ್ಪ ಹುಟ್ಟಿ ಮೂರು ತಿಂಗಳು. ಗಾಜು ಕೂರಿಸುವ ಕೆಲಸ ನನಗೆ ಬರುತ್ತಿತ್ತು, ಆ ಊರಿನಲ್ಲಿ ಆ ಕೆಲಸಕ್ಕೆ ಜನ ಬೇಕಿತ್ತು. ನನ್ನನ್ನು ಸೇರಿಸಿಕೊಂಡವನಿಗೆ ಜನ ಇಟ್ಟ ಹೆಸರು ನೂಲು ಮೇಸ್ತ್ರಿ. ಒಂದು ಇಂಚಿಗೆ ಎಂಟು ನೂಲು, ನಮ್ಮ ಕಸುಬಿನ ಲೆಕ್ಕ. ಕಿಟಕಿಯ ಚೌಕಟ್ಟು ಎಷ್ಟೇ ಇರಲಿ, ಅವನು ಗಾಜನ್ನು ಅದಕ್ಕಿಂತ ಒಂದು ನೂಲು ಕಡಿಮೆ ಕೊಯ್ಯುತ್ತಿದ್ದ. ಹೋದ ದಿನವೇ ನಾನು ಚೌಕಟ್ಟಿಗೆ ಸರಿಸಮ ಕೊಯ್ದು, ಭೇಷ್ ಅನ್ನಿಸಿಕೊಳ್ಳೋಣ ಎಂದು ಎದೆಯುಬ್ಬಿಸಿ ನಿಂತೆ. ಅವನು ಗಾಜನ್ನು ಚೌಕಟ್ಟಿಗೆ ಒತ್ತಿ ನೋಡಿ, ವಾಪಸು ನನ್ನ ಕೈಗೆ ಕೊಟ್ಟ.

"ಏನಪ್ಪಾ, ಇದನ್ನ ಕೂರಿಸ್ತೀಯೋ, ಹೂಳ್ತೀಯೋ?"

"ಸರಿಯಾಗಿ ಕೂತಿದೆಯಲ್ಲ ಮೇಸ್ತ್ರಿ."

"ಕೂತಿದೆ. ನಾಳೆ ಮಳೆಗೆ ಮರ ಹಿಗ್ಗುತ್ತೆ, ಆಗ ಏನ್ ಮಾಡುತ್ತೆ? ಗಾಜಿಗೂ ಉಸಿರಾಡೋಕೆ ಜಾಗ ಬೇಕು ಕಣಯ್ಯ. ಒಂದು ನೂಲು ಬಿಡು. ಹೆಂಡ್ತಿ ಜೊತೆಗೂ ಹಂಗೇ, ಊರಿನವರ ಜೊತೆಗೂ ಹಂಗೇ. ಬಿಗಿಯಾಗಿ ಕೂರಿಸಿದ್ದು ಮೊದಲು ಒಡೆಯೋದು."

ಒಣಕಲು ಮನುಷ್ಯ. ಗಾಳಿ ಬಂದರೆ ಗಾಜು ಹಿಡಿದುಕೊಂಡು ಹೊರಗೆ ಹೋಗುತ್ತಿರಲಿಲ್ಲ, ಗಾಳಿಪಟದ ಹಾಗೆ ಹಾರಿಹೋದಾನು ಎಂದು ಹೆಂಡತಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ಸಲ ಹಾರಿಯೂ ಹೋಗಿದ್ದ, ಮೂರು ಬೀದಿಯಾಚೆ ಇಳಿದ, ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ನೋಡು, ಇದನ್ನು ನಂಬಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವನು ಕೂರಿಸಿದ ಗಾಜು ಎಷ್ಟು ಶುಭ್ರವೆಂದರೆ, ಕಿಟಕಿ ತೆರೆದಿದೆ ಎಂದುಕೊಂಡು ಉಗಿಯಲು ತಲೆ ಚಾಚಿ ಹಣೆ ಊದಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ಅದು ನಿಜ. ಅವರಲ್ಲಿ ಒಬ್ಬ ನಾನೇ.

ಕೆಲಸದ ಕೋಣೆಯಲ್ಲಿ ಒಂದು ಉದ್ದ ಮೇಜು, ಮೇಲೆ ಹಳೆಯ ಕಂಬಳಿ. ಗ್ಲಾಸ್ ಕಟರನ್ನು ಸೀಮೆಎಣ್ಣೆಗೆ ಅದ್ದಿ, ಅಳತೆಪಟ್ಟಿಯ ಪಕ್ಕದಲ್ಲಿ ಒಂದೇ ಎಳೆತಕ್ಕೆ ಎಳೆಯಬೇಕು. ಎರಡನೇ ಸಲ ಎಳೆದರೆ ಕೆಟ್ಟಿತು. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿದ ಪುಟ್ಟಿ ಅವನ ಉಗುರಿನಲ್ಲಿ ಯಾವಾಗಲೂ ಇರುತ್ತಿತ್ತು. ಗಾಜುಗಳನ್ನು ನಿಲ್ಲಿಸಿಕೊಂಡು ಹೋಗುವುದಕ್ಕೆ ಒಂದು ಕೈಗಾಡಿ, ತಳ್ಳುವುದಕ್ಕೆ ಒಬ್ಬ ಗಾಡಿಯವ. ನಾವು ಮೂವರೇ.

ಗಲಾಟೆ ಶುರುವಾದದ್ದು ನಾನು ಹೋದ ಎಂಟನೇ ತಿಂಗಳು. ಯಾತಕ್ಕೆ ಎಂದು ಕೇಳಬೇಡ. ನಾನು ಕೇಳಿದೆ, ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಎಲ್ಲ ಕಾರಣಗಳಿಗೂ ನಮ್ಮಜ್ಜನಿಗಿಂತ ಹೆಚ್ಚು ವಯಸ್ಸಾಗಿತ್ತು. ಎರಡು ಕಡೆಯವರು ಅಂತ ಇದ್ದರು. ಇಬ್ಬರೂ ಒಂದೇ ಬಾವಿಯ ನೀರು ಕುಡಿಯುತ್ತಿದ್ದರು, ಒಂದೇ ಬೈಗುಳ ಬೈಯುತ್ತಿದ್ದರು. ಯಾರು ಯಾವ ಕಡೆ ಎಂದು ಊರಿನವರಿಗೆ ನಡಿಗೆ ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಕೊನೆವರೆಗೂ ಗೊತ್ತಾಗಲಿಲ್ಲ. ಮೊದಲು ಕಲ್ಲು ಬಿದ್ದವು, ಆಮೇಲೆ ಕಾವಲು ಪಡೆಯ ಲಾರಿಗಳು ಬಂದವು, ಆಮೇಲೆ ಗುಂಡುಗಳು. ಕಲ್ಲು ಬಿದ್ದ ಗಾಜು ಪೂರ್ತಿ ಉದುರುತ್ತದೆ, ಗುಂಡು ಬಿದ್ದ ಗಾಜು ತೂತು ಬಿದ್ದು ನಿಂತುಕೊಂಡಿರುತ್ತದೆ. ಔಷಧದ ಅಂಗಡಿಯ ಕಿಟಕಿಯಲ್ಲಿ ಮೊದಲ ತೂತು ಕಂಡಾಗ ಮೇಸ್ತ್ರಿ ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿದ. ಈ ಕಡೆ ಸೂಜಿ, ಆ ಕಡೆ ಬಟ್ಟಲು. "ಗಾಜು ಸುಳ್ಳು ಹೇಳಲ್ಲ ಕಣಯ್ಯ," ಅಂದ. "ಹೇಳೋಕೆ ಅದಕ್ಕೆ ಹೊಟ್ಟೆ ಇಲ್ಲ. ಎಲ್ಲಾ ಆರಪಾರ ಕಾಣುತ್ತೆ."

ನನಗೆ ಭಯವಾಗುತ್ತಿತ್ತೇ? ನಿಜ ಹೇಳಲಾ? ಮಜವಾಗುತ್ತಿತ್ತು. ನನ್ನ ಊರಲ್ಲ, ನನ್ನ ಜಗಳವಲ್ಲ. ಕೆಲಸದ ಕೋಣೆಯ ಮೇಲೆ ನನಗೆ ಕೊಟ್ಟಿದ್ದ ಕೋಣೆಯ ಕಿಟಕಿಯಲ್ಲಿ ಕುಳಿತು, ಜನ ಓಡುವುದನ್ನು ಬಾಲ್ಕನಿ ಟಿಕೆಟ್ ತೆಗೆದುಕೊಂಡವನ ಹಾಗೆ ನೋಡುತ್ತಿದ್ದೆ. ವಾರಕ್ಕೊಂದು ಕಾಗದ ಮನೆಗೆ ಬರೆಯುತ್ತಿದ್ದೆ, ಪ್ರತಿ ಕಾಗದದಲ್ಲೂ ನಾನು ಒಬ್ಬಿಬ್ಬರನ್ನು ಕಾಪಾಡುತ್ತಿದ್ದೆ. ನಿಮ್ಮಜ್ಜಿಯ ಅಣ್ಣ, ನನ್ನ ಭಾವ, ಉತ್ತರ ಬರೆದ. "ಬರೋವಾಗ ಆ ಗುಂಡಿನ ಊರಿಂದ ಏನಾದ್ರೂ ಹಿಡ್ಕೊಂಡು ಬಾರೋ. ಬರೀ ಬಾಯಿ ಮಾತು ಇಲ್ಲಿ ಯಾರೂ ನಂಬ್ತಾ ಇಲ್ಲ."

ಒಂದು ಬೆಳಗ್ಗೆ ಗಾಡಿಯವ ಬೀದಿಯಲ್ಲಿ ಬಿದ್ದಿದ್ದ ಖಾಲಿ ತೋಟಾ ಎತ್ತಿಕೊಂಡು ಪೀಪಿ ಊದಿದ. ಮೇಸ್ತ್ರಿಗೆ ಸಿಟ್ಟು ಬಂದದ್ದನ್ನು ನಾನು ಅವತ್ತು ಮೊದಲು ನೋಡಿದೆ.

"ಎಲ್ಲಿತ್ತೋ ಅಲ್ಲೇ ಇಡು ಅದನ್ನ."

"ಬಿಸಾಕಿದ್ದು ತಾನೇ ಮೇಸ್ತ್ರಿ..."

"ಉರಿಯೋ ಮನೇಲಿ ಗಳ ಹಿರೀತೀಯಲ್ಲೋ! ಅದರ ಗುಂಡು ಯಾರ ಮೈ ದಾಟ್ಕೊಂಡು ಹೋಯ್ತೋ ನಿಂಗೆ ಗೊತ್ತಾ?"

ಗಾಡಿಯವ ಇಟ್ಟ. ನಾನು ತಲೆಯಾಡಿಸಿದೆ, ಸರಿ ಸರಿ ಎಂದು. ನನ್ನಷ್ಟು ಸಭ್ಯ ಆ ಊರಿನಲ್ಲೇ ಇರಲಿಲ್ಲ.

ಈಗ ದರ್ಜಿಯ ವಿಷಯ. ಅವನ ಅಂಗಡಿ ನಮ್ಮ ಕೋಣೆಯಿಂದ ಎರಡನೇ ತಿರುವಿನಲ್ಲಿ. ದುಂಡಗಿನ ಮನುಷ್ಯ, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದ. ನನಗೆ ಕೋಟಿನ ಅಳತೆ ತೆಗೆಯುವಾಗ ನಾನು ಹೊಟ್ಟೆ ಒಳಗೆಳೆದುಕೊಂಡೆ. "ಉಸಿರು ಬಿಡಿ ಸಾರ್," ಅಂದ. "ನಾನು ನಿಮ್ಮ ಹೊಟ್ಟೆಗೆ ಹೊಲೀಬೇಕು, ನಿಮ್ಮ ಆಸೆಗಲ್ಲ." ಅಂಗಡಿಯ ಮುಂದಿನ ಗಾಜಿನ ಒಳಮೈ ಮೇಲೆ ಹಳದಿ ಬಣ್ಣದಲ್ಲಿ ಒಂದು ದೊಡ್ಡ ಕತ್ತರಿ ಬರೆಸಿದ್ದ. ಮಳೆಗೆ ಅಳಿಸಬಾರದು ಎಂದು ಒಳಗಡೆಯಿಂದ. ಈ ಚೂರಿನ ಮೇಲೆ ಅರ್ಧ ಬಳೆಯ ಹಾಗೆ ಕಾಣುತ್ತದಲ್ಲ, ಅದು ಆ ಕತ್ತರಿಯ ಹೆಬ್ಬೆರಳಿನ ಹಿಡಿ.

ಒಂದು ಮಧ್ಯಾಹ್ನ ಆ ಬೀದಿಯಲ್ಲಿ ಗುಂಡಿನ ಸದ್ದಾಯಿತು. ಲಾರಿಯ ಮೇಲಿದ್ದ ಕಾವಲು ಪಡೆಯವನೊಬ್ಬನ ತೋಳಿಗೆ ಪೆಟ್ಟಾಯಿತು. ಯಾರು ಹಾರಿಸಿದರೋ ದೇವರಿಗೇ ಗೊತ್ತು. ಪಡೆಯವರು ದರ್ಜಿಯ ಅಂಗಡಿಗೆ ನುಗ್ಗಿ, ಅವನನ್ನು ಎಳೆದುಕೊಂಡು ಹೋದರು. ನಾವು ಗಾಡಿ ತಳ್ಳಿಕೊಂಡು ಅಲ್ಲಿಗೆ ತಲುಪಿದಾಗ ಅಂಗಡಿಯಲ್ಲಿ ಅವನ ಹೆಂಡತಿ ಒಬ್ಬಳೇ ಇದ್ದಳು. ಬಟ್ಟೆಗಳೆಲ್ಲ ನೆಲದ ಮೇಲೆ, ಹೊಲಿಗೆ ಮಿಷನ್ನು ಮಗುಚಿ ಬಿದ್ದಿತ್ತು. ಮುಂದಿನ ಗಾಜಿನಲ್ಲಿ ಒಂದು ತೂತು, ಸುತ್ತ ಬಿಸಿಲಿನ ಕಿರಣದ ಹಾಗೆ ಬಿರುಕುಗಳು.

"ಸಂಜೆಗೆ ಬಿಡ್ತಾರೆ ತಂಗಿ, ಅಳಬೇಡ," ಅಂದ ಮೇಸ್ತ್ರಿ. "ಸೂಜಿ ಬಿಟ್ರೆ ಬೇರೆ ಆಯುಧ ಹಿಡಿದವನಲ್ಲ ಅವನು. ಅವನು ಬರೋಷ್ಟರಲ್ಲಿ ಅಂಗಡಿ ತೊಳೆದ ಮುಖದ ಹಾಗಿರಬೇಕು. ಗಾಜು ನಾನು ಹಾಕ್ತೀನಿ."

ಅದು ಅವನ ಪದ್ಧತಿ. ಒಡೆದ ಗಾಜು ಹೊತ್ತು ಮುಳುಗುವ ತನಕ ಇರಬಾರದು, ಇದ್ದರೆ ಇನ್ನೊಂದು ಕಲ್ಲನ್ನು ಕರೆಯುತ್ತದೆ. ಒಳ್ಳೆಯ ಪದ್ಧತಿಯೇ. ಬೇರೆ ಯಾವ ಕಸುಬಿನವನೂ ಅವತ್ತು ಆ ಅಂಗಡಿಯನ್ನು ಮುಟ್ಟುತ್ತಿರಲಿಲ್ಲ. ನಾವು ಮುಟ್ಟಿದೆವು.

ಅವನು ಬೀದಿಯಲ್ಲಿ ಗಾಡಿಯ ಮೇಲೆ ಹೊಸ ಗಾಜು ಕೊಯ್ಯಲು ನಿಂತ. ಹಳೆಯದನ್ನು ಬಿಡಿಸುವ ಕೆಲಸ ನನಗೆ. ಒಳಗೆ ನಿಂತು ಬೆರಳಾಡಿಸಿದೆ. ಬಟ್ಟಲು ನನ್ನ ಕಡೆ ಇತ್ತು, ಬಣ್ಣದ ಕಡೆ, ಅಂಗಡಿಯ ಕಡೆ. ಹಳದಿ ಬಣ್ಣವನ್ನೂ ಎಬ್ಬಿಸಿಕೊಂಡು ಗುಂಡು ಒಳಗೆ ಬಂದಿತ್ತು. ಅಷ್ಟು ಚೆಂದದ ತೂತು ನಾನು ನೋಡಿರಲಿಲ್ಲ. ಭಾವನ ಕಾಗದ ನೆನಪಾಯಿತು. ಗಾಜು ಉದುರದಿರಲಿ ಎಂದು ಪೇಪರ್ ಅಂಟಿಸಿ, ಕಟರ್ ತೆಗೆದು, ತೂತಿನ ಸುತ್ತ ನಾಲ್ಕು ಗೆರೆ ಎಳೆದೆ. ಬಿರುಕು ಬಿಟ್ಟ ಗಾಜಿನಲ್ಲಿ ಚೌಕ ಕೊಯ್ಯುವುದು ಎಂದರೆ ಓಡುವ ಕುದುರೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದ ಹಾಗೆ. ನಾನು ಕೊಯ್ದೆ. ಟವೆಲಿನಲ್ಲಿ ಸುತ್ತಿ ಚೀಲದೊಳಗಿಟ್ಟೆ. ಉಳಿದದ್ದನ್ನು ಸುತ್ತಿಗೆಯಿಂದ ಬಡಿದು ಡ್ರಮ್ಮಿಗೆ ತುಂಬಿದೆ. ಡ್ರಮ್ಮು ಮರುದಿನ ಗುಜರಿಗೆ ಹೋಯಿತು.

ದರ್ಜಿ ಸಂಜೆಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ನಾಲ್ಕನೆಯ ದಿನ ಅವನ ಹೆಂಡತಿ ನಮ್ಮ ಕೆಲಸದ ಕೋಣೆಗೆ ಬಂದಳು. ತಲೆ ಬಾಚಿರಲಿಲ್ಲ.

"ಅಣ್ಣಾ, ಅಂಗಡಿ ಒಳಗಿಂದ ಇವ್ರೇ ಗುಂಡು ಹಾರಿಸಿದ್ದು ಅಂತ ಬರ್ಕೊಂಡಿದಾರೆ. ಗಾಜಿನಲ್ಲಿರೋ ತೂತು ಅದರದ್ದೇ ಅಂತೆ. ಬಂದೂಕನ್ನ ಹಿಂದಿನ ಮೋರಿಗೆ ಎಸೆದ್ರಂತೆ. ಗುರುವಾರ ವಿಚಾರಣೆ. ಆ ಗಾಜು ಎಲ್ಲಿದೆ ಅಣ್ಣಾ?"

ಮೇಸ್ತ್ರಿಯ ಮುಖ ಹೇಗಾಯಿತು ಎಂದು ಹೇಳಲು ನನಗೆ ಬರುವುದಿಲ್ಲ. ನನ್ನನ್ನು ಬಿಟ್ಟರೆ ಜಗತ್ತಿನಲ್ಲಿ ಅವನೊಬ್ಬನಿಗೆ ಆ ತೂತನ್ನು ಓದಲು ಬರುತ್ತಿತ್ತು. ಅವನೇ ಅದನ್ನು ತೆಗೆಸಿ ಹಾಕಿದ್ದ. ನನ್ನ ಕಡೆ ತಿರುಗಿದ.

"ನೀನು ಬಿಡಿಸಿದ್ದು. ಬಟ್ಟಲು ಯಾವ ಕಡೆ ಇತ್ತು?"

ಅಂಗಡಿಯ ಕಡೆ ಅನ್ನಬೇಕಿತ್ತು. ಎರಡು ಮಾತು. ಮೇಲೆ ಹೋಗಿ ಟ್ರಂಕ್ ತೆಗೆದು ತರಬೇಕಿತ್ತು, ಹದಿನಾಲ್ಕು ಮೆಟ್ಟಿಲು. ಆದರೆ ತಂದರೆ, ಇದು ನಿನ್ನ ಟ್ರಂಕಿನಲ್ಲಿ ಏನು ಮಾಡುತ್ತಿತ್ತು ಎಂದು ಅವನು ಕೇಳುತ್ತಾನೆ. ಖಾಲಿ ತೋಟಾ ಎತ್ತಿದವನಿಗೆ ಬೈದವನು. ಅವನ ಹಿಂದೆ ಆ ಹೆಂಗಸು ನಿಂತಿದ್ದಾಳೆ. ಅದಕ್ಕೂ ಹಿಂದೆ ಪಡೆಯವರು ನಿಂತಿದ್ದಾರೆ, ಹೊರಗಿನವನಾದ ನನ್ನ ಪರವಾನಗಿ ಕಾಗದ ಅವರ ಮೇಜಿನ ಮೇಲಿದೆ.

"ನೋಡ್ಲಿಲ್ಲ ಮೇಸ್ತ್ರಿ," ಅಂದೆ. "ಎಲ್ಲಾ ಡ್ರಮ್ಮಿಗೆ ಹಾಕಿದೆ."

ಗುಜರಿಯ ಅಂಗಳದಲ್ಲಿ ಒಡೆದ ಗಾಜಿನ ಗುಡ್ಡ, ನನ್ನೆತ್ತರ. ಕಣ್ಣು ಬಿಡಲಾಗದಷ್ಟು ಹೊಳಪು. ಮೇಸ್ತ್ರಿ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಚೂರು ಎತ್ತಿ ನೋಡಿ ಹಿಂದಕ್ಕೆ ಹಾಕತೊಡಗಿದ. ಗುಜರಿಯವ ನಕ್ಕ. "ಏನ್ ಮೇಸ್ತ್ರಿ, ಮೂಗುತಿ ಕಳ್ಕೊಂಡ್ರಾ?" ನಾನೂ ಕುಳಿತೆ. ನಾನೂ ಎತ್ತಿದೆ, ನೋಡಿದೆ, ಹಾಕಿದೆ. ಇಲ್ಲದ್ದನ್ನು ಹುಡುಕುವುದಕ್ಕೆ ಎಷ್ಟು ಶ್ರದ್ಧೆ ಬೇಕು ಗೊತ್ತೇ? ನಾನೂ ಬೆರಳು ಕುಯ್ದುಕೊಂಡೆ. ಮೇಸ್ತ್ರಿ ರಕ್ತ ಸೋರುವ ತನ್ನ ಕೈಗೆ ಸುತ್ತಿಕೊಂಡಿದ್ದ ಬಟ್ಟೆಯನ್ನೇ ಹರಿದು ನನ್ನ ಬೆರಳಿಗೆ ಕಟ್ಟಿದ.

ಒಂದೂವರೆ ದಿನ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅವನ ಕೈಗೆ ಒಂದು ಚೂರು ಸಿಕ್ಕಿತು. ಹಳದಿ ಬಣ್ಣ, ಕತ್ತರಿಯ ಇನ್ನೊಂದು ಹಿಡಿ, ಸ್ವಲ್ಪ ಅಲಗು. ತೂತಿರಲಿಲ್ಲ. ಅವನು ಅದನ್ನು ಬಿಸಿಲಿಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಎಳೆದ. ಮೂರು ಅಂಚು ಹರಕು ಮುರುಕು. ನಾಲ್ಕನೆಯದು ನೇರ.

"ಇದು ಒಡೆದಿದ್ದಲ್ಲ," ಅಂದ ಮೆಲ್ಲಗೆ. "ಕೊಯ್ದಿದ್ದು."

ನಾನು ಚೂರುಗಳನ್ನು ಎತ್ತುತ್ತಲೇ ಇದ್ದೆ.

"ಒಳ್ಳೇ ಕೈ. ಬಿರುಕಿನ ಮೇಲೆ ಓಡಿಸಿದ್ರೂ ಗೆರೆ ನಡುಗಿಲ್ಲ. ಈ ಊರಲ್ಲಿ ಹೀಗೆ ಕೊಯ್ಯೋರು ಇಬ್ರೇ. ಒಬ್ಬ ನಾನು."

ಇನ್ನೊಬ್ಬ ಯಾರು ಎಂದು ಅವನು ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, "ವಿಚಾರಣೆ ಗುರುವಾರ. ಇನ್ನೂ ಟೈಮಿದೆ," ಎಂದಷ್ಟೇ ಹೇಳಿ ಹೊರಟ.

ಈಗ ನೀನು ಕೇಳುತ್ತೀಯ, ಕೊರಳಪಟ್ಟಿ ಹಿಡಿದು ಯಾಕೆ ಕೇಳಲಿಲ್ಲ, ನನ್ನ ಕೋಣೆಗೆ ನುಗ್ಗಿ ಟ್ರಂಕ್ ಯಾಕೆ ಒಡೆಯಲಿಲ್ಲ ಎಂದು. ಐವತ್ತು ವರ್ಷ ನಾನೂ ಕೇಳಿಕೊಂಡಿದ್ದೇನೆ. ಒಡೆದಿದ್ದರೆ ನನ್ನನ್ನೂ ಉಳಿಸುತ್ತಿದ್ದ. ಆದರೆ ಅವನು ಗಾಜಿಗೇ ಒಂದು ನೂಲು ಬಿಡುವ ಮನುಷ್ಯ. ನಾನಾಗಿ ಬರಲಿ ಎಂದು ನನಗೂ ಬಿಟ್ಟ. ಆ ಸಂದಿಯಲ್ಲಿ ನಾನು ನುಸುಳಿ ಓಡಿಹೋದೆ.

ಬುಧವಾರ ಬೆಳಗ್ಗೆ ಟ್ರಂಕ್ ಮೂರು ಸಲ ತೆರೆದೆ. ಮೂರು ಸಲವೂ ಟವೆಲ್ ಬಿಡಿಸಿದೆ. ನಾನು ಹೊರಗಿನವನು, ನನಗೇನು ಗೊತ್ತು, ನನಗೇನು ಗೊತ್ತು. ಮಂತ್ರದ ಹಾಗೆ ಹೇಳಿಕೊಂಡೆ. ಕೆಳಗಿಳಿದಾಗ ಮೇಸ್ತ್ರಿ ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದ. ಅವನು ಸುಮ್ಮನೆ ಕುಳಿತದ್ದನ್ನು ನಾನು ನೋಡಿಯೇ ಇರಲಿಲ್ಲ.

"ತಿಂಡಿ ಆಯ್ತಾ?" ಅಂದ.

"ಆಯ್ತು ಮೇಸ್ತ್ರಿ."

"ಏನಾದ್ರೂ ಹೇಳೋದಿತ್ತಾ?"

"ಇಲ್ಲ ಮೇಸ್ತ್ರಿ."

ಮಧ್ಯಾಹ್ನದ ಬಸ್ಸು ಹತ್ತಿದೆ. ಅಮ್ಮನಿಗೆ ಹುಷಾರಿಲ್ಲ, ತಂತಿ ಬಂದಿದೆ ಎಂದು ಗಾಡಿಯವನಿಗೆ ಹೇಳಿದೆ. ಅಮ್ಮ ಆಮೇಲೆ ಇಪ್ಪತ್ತೆರಡು ವರ್ಷ ಗಟ್ಟಿಮುಟ್ಟಾಗಿ ಬದುಕಿ, ಕೊನೆಯ ದಿನವೂ ಪಕ್ಕದ ಮನೆಯವರ ಜೊತೆ ಜಗಳವಾಡಿ ಹೋದಳು.

ಮುಂದಿನದು ಗಾಡಿಯವ ಬರೆದದ್ದು. ಗುರುವಾರ ಮೇಸ್ತ್ರಿ ಆ ಒಂದು ಚೂರು ಹಿಡಿದುಕೊಂಡು ವಿಚಾರಣೆಗೆ ಹೋದನಂತೆ. ಸೂಜಿ, ಬಟ್ಟಲು, ಎಲ್ಲ ವಿವರಿಸಿದನಂತೆ. ಅಧಿಕಾರಿ ಚೂರನ್ನು ತಿರುಗಿಸಿ ನೋಡಿ ಕೇಳಿದನಂತೆ.

"ತೂತು ಎಲ್ಲಯ್ಯಾ ಇದರಲ್ಲಿ?"

"ತೂತು ಇನ್ನೊಂದು ಚೂರಿನಲ್ಲಿದೆ ಸಾರ್."

"ಅದೆಲ್ಲಿ?"

ನನ್ನ ಹೆಸರು ಹೇಳಬಹುದಿತ್ತು. ನನ್ನ ಬಸ್ಸು ಇನ್ನೂ ಅರ್ಧ ದಾರಿಯಲ್ಲಿತ್ತು, ಗಡಿ ದಾಟಿರಲಿಲ್ಲ. "ಕಳೆದುಹೋಯ್ತು ಸಾರ್. ತಪ್ಪು ನನ್ದು. ಗಾಜು ಬೇಗ ಹಾಕ್ಬಿಟ್ಟೆ," ಅಂದನಂತೆ. ಎಲ್ಲರೂ ನಕ್ಕರಂತೆ. ದರ್ಜಿಗೆ ಒಂಬತ್ತು ವರ್ಷ.

ಅಲ್ಲಿಂದಾಚೆಗೆ ನೂಲು ಮೇಸ್ತ್ರಿ ಪದ್ಧತಿ ಬದಲಾಯಿಸಿದ. ಗುಂಡು ಬಿದ್ದ ಗಾಜು ಯಾವುದೇ ಇರಲಿ, ಪೇಪರ್ ಅಂಟಿಸಿ ಇಡಿಯಾಗಿ ಬಿಡಿಸುವುದು, ಯಾವ ಮನೆ, ಯಾವ ದಿನ, ಒಳಮೈ ಯಾವುದು ಎಂದು ಬರೆದು ಗೋಡೆಗೆ ಒರಗಿಸುವುದು. ಹೊಸ ಗಾಜು ಇಡಲು ಜಾಗವಿಲ್ಲದೆ ಅವನ ಹೆಂಡತಿ ಬೈಯುತ್ತಿದ್ದಳಂತೆ. "ಯಾರಾದ್ರೂ ಕೇಳ್ಕೊಂಡು ಬರ್ತಾರೆ," ಅನ್ನುತ್ತಿದ್ದನಂತೆ. ಒಬ್ಬಳು ಬಂದಳು, ಒಬ್ಬ ಮೇಷ್ಟರ ತಾಯಿ. ಆ ಗಾಜು ನೋಡಿ ಮೇಷ್ಟರನ್ನು ಬಿಟ್ಟರು. ಆ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ, ಹೊಟ್ಟೆನೋವು ಎಂದು ನಿಮ್ಮಜ್ಜಿಗೆ ಹೇಳಿದೆ. ಮೇಸ್ತ್ರಿ ಎಪ್ಪತ್ತೊಂದನೇ ವಯಸ್ಸಿಗೆ ತೀರಿಕೊಂಡ. ದರ್ಜಿ ಏಳು ವರ್ಷಕ್ಕೆ ಹೊರಗೆ ಬಂದ, ಕಣ್ಣು ಹೋಗಿತ್ತು, ಸೂಜಿಗೆ ದಾರ ಹಾಕಲು ಮಗಳನ್ನು ಕರೆಯಬೇಕಿತ್ತು. ಅವನೂ ಹೋದ. ಅಂಗಡಿ ಈಗ ಆ ಮಗಳದ್ದು. ಅವತ್ತು ನಾವು ಹಾಕಿದ ಗಾಜು ಇನ್ನೂ ಹಾಗೇ ಇದೆ ಎಂದು ಗಾಡಿಯವನ ಕೊನೆಯ ಕಾಗದದಲ್ಲಿತ್ತು.

ನಾನು ಏನು ಮಾಡಿದೆ? ಕತೆ ಹೇಳಿದೆ. ಭಾವನಿಗೆ, ಅವನ ಸ್ನೇಹಿತರಿಗೆ, ನಿಮ್ಮಪ್ಪನಿಗೆ, ನಿನಗೆ. ಅಂಗಡಿಯೊಳಗಿಂದ ಒಬ್ಬ ಗುಂಡು ಹಾರಿಸಿದ, ಅದು ಗಾಜು ತೂರಿ ಬಂದು ನನ್ನ ಕಿವಿ ಸವರಿತು. ಎಲ್ಲರೂ ಹೋ ಎಂದರು. ಕಿವಿಯ ವಿಷಯ ಬಿಡು, ಅದು ಬರೀ ಬಡಾಯಿ. ಅಂಗಡಿಯೊಳಗಿಂದ ಎಂದೆನಲ್ಲ, ಅದು? ಅದು ಆ ಅಧಿಕಾರಿ ಬರೆದುಕೊಂಡ ಮಾತು. ಅವನು ಒಂದು ಸಲ ಬರೆದ. ನಾನು ಐವತ್ತು ವರ್ಷ, ನಗಿಸಿಕೊಂಡು, ಪ್ರತಿ ಸಲವೂ ದರ್ಜಿಗೆ ಮತ್ತೆ ಶಿಕ್ಷೆ ಕೊಡಿಸುತ್ತಾ ಬಂದೆ. ನೀನು ಇವತ್ತು ಬೆರಳಾಡಿಸಿ ಕೇಳುವ ತನಕ ನನಗೆ ಅದು ಹೊಳೆದಿರಲೇ ಇಲ್ಲ ಎಂದರೆ ಅದೂ ಸುಳ್ಳು. ಹೊಳೆದಿತ್ತು. ಕತೆ ಚೆನ್ನಾಗಿತ್ತು, ಬಿಡಲಾಗಲಿಲ್ಲ.

ಬಿಸ್ಕತ್ತಿನ ಆ ತಗಡಿನ ಡಬ್ಬ ತಾ. ಹತ್ತಿಯನ್ನೂ ತಾ. ಅವಳ ಅಂಗಡಿಗೆ ಕಳಿಸೋಣ. ಕಳಿಸಿ ಏನಾಗುತ್ತದೆ ಎಂದು ಮುಖ ಮಾಡಬೇಡ. ಏನೂ ಆಗುವುದಿಲ್ಲ, ಅವನು ಒಳಗೆ ಕಳೆದ ಏಳು ವರ್ಷದಲ್ಲಿ ಒಂದು ದಿನವೂ ವಾಪಸು ಬರುವುದಿಲ್ಲ. ಆದರೂ ಅವಳು ತನ್ನ ಬೆರಳನ್ನು ಇದರ ಮೇಲೆ ಆಡಿಸಿ ನೋಡಲಿ. ಕಾಗದ ನೀನು ಬರೆ, ನಾನು ಹೇಳುತ್ತೇನೆ. ಈ ಚೂರು ಕಳೆದುಹೋಗಿರಲಿಲ್ಲ, ಆ ಊರಿನಲ್ಲಿ ಹಾಗೆ ಕೊಯ್ಯುವವರು ಇಬ್ಬರಿದ್ದರು, ಇನ್ನೊಬ್ಬ ನಾನು ಎಂದು ಬರೆ. ಕೆಳಗೆ ನನ್ನ ಪೂರ್ತಿ ಹೆಸರು ಹಾಕು. ಅಯ್ಯೋ, ಹಾಗೆ ತುರುಕಬೇಡ, ಒಡೆಯುತ್ತದೆ. ಸುತ್ತ ಒಂದು ನೂಲು ಜಾಗ ಬಿಡು.

ಇಗೋ, ನಿಮ್ಮಜ್ಜಿ ಶುರು ಮಾಡಿದಳು, ಕೇಳಿಸಿತಾ?

"ರೀ! ತಟ್ಟೆ ಹಾಕಿ ಎಷ್ಟೊತ್ತಾಯ್ತು! ಮೂರು ಸಲ ಕರೆದೆ. ಗುಂಡು ತಾಗದೇ ಇರೋ ಕಿವೀಲಾದ್ರೂ ಕೇಳಿಸ್ಕೊಳ್ಳಿ!"

ಬಂದೆ ಕಣೇ, ಬಂದೆ.

ನೀನು ಏನೂ ಹೇಳಬೇಡ, ಅವಳಿಗೆ ನಾನೇ ಹೇಳುತ್ತೇನೆ. ಊಟವಾದ ಮೇಲೆ. ಇಲ್ಲ, ಇಲ್ಲ. ಮೊದಲೇ ಹೇಳಿಬಿಡುತ್ತೇನೆ. ಆ ಬಸ್ಸಿಳಿದು ಮನೆಗೆ ಬಂದ ದಿನ ಊಟವಾದ ಮೇಲೆ ಹೇಳೋಣ ಎಂದು ಬಿಟ್ಟದ್ದಕ್ಕೇ ಐವತ್ತು ವರ್ಷವಾಯಿತು. ಎಲ್ಲಿ, ಕೈ ಕೊಡು, ಏಳುತ್ತೇನೆ. ಆ ಡಬ್ಬವನ್ನು ನನಗೇ ಕೊಡು.